ಆನೆಹೆಜ್ಜೆಯ ತಿಳಿನೀರು

ಕೆರೆ ಒಂದೇ ಇದ್ದ ಒಂದು ಕಾಡಿನಲ್ಲಿ, ಬೇಸಿಗೆಯ ಕೊನೆಗೆ ಜೋರು ಮಳೆ ಹೊಡೆಯಿತು. ಗುಡ್ಡದ ಕೆಂಪು ಮಣ್ಣೆಲ್ಲ ಕೊಚ್ಚಿಕೊಂಡು ಬಂದು ಕೆರೆಗೆ ಬಿತ್ತು. ಕಲ್ಲು, ಮರಳು ಬೇಗ ತಳ ಸೇರಿದವು. ಹಿಟ್ಟಿನಂಥ ನುಣುಪು ಮಣ್ಣು ಮಾತ್ರ ಇಳಿಯಲೇ ಇಲ್ಲ. ಮಳೆ ನಿಂತು ಎಷ್ಟು ದಿನವಾದರೂ ನೀರು ರಾಡಿಯಾಗಿಯೇ ಇತ್ತು. ಕುಡಿದವರಿಗೆಲ್ಲ ಹೊಟ್ಟೆನೋವು ಬಂತು.

ತಿಳಿನೀರು ಉಳಿದದ್ದು ಒಂದೇ ಕಡೆ, ಬಂಡೆಯ ಮೇಲೆ ಮಳೆನೀರು ನಿಂತ ಕಲ್ಲುದೊಣೆಯಲ್ಲಿ. ಅದಕ್ಕೆ ಅಡ್ಡವಾಗಿ ಒಂದು ನರಿ ಕೂತಿತ್ತು.

"ಬನ್ನಿ, ಕುಡಿಯಿರಿ. ಬರಿಗೈಯಲ್ಲಿ ಮಾತ್ರ ಬರಬೇಡಿ," ಎನ್ನುತ್ತಿತ್ತು. ಕಾಡುಕೋಳಿ ತನ್ನ ಮೊಟ್ಟೆ ಕೊಟ್ಟು ನಾಲ್ಕು ಗುಟುಕು ಕುಡಿದು ಅಳುತ್ತ ಹೋಯಿತು.

ಹೊನ್ನಿ ಎಂಬ ಜಿಂಕೆ ಹೊಸದಾಗಿ ಮರಿ ಹಾಕಿದ್ದಳು. ನೀರಿಲ್ಲದೆ ಅವಳ ಕೆಚ್ಚಲು ಒಣಗಿತ್ತು. ಹಾಲಿಲ್ಲದೆ ಮರಿ ನಿಲ್ಲಲಾರದೆ ಮುಗ್ಗರಿಸುತ್ತಿತ್ತು.

"ಕೊಡಲು ನನ್ನ ಹತ್ತಿರ ಏನೂ ಇಲ್ಲ, ನರಿಯಣ್ಣ."

"ಅಯ್ಯೋ ತಂಗಿ, ನಿನ್ನ ಹತ್ತಿರ ಏನು ಕೇಳಲಿ? ನೀನು ಕುಡಿಯುವಾಗ ಮರಿ ನನ್ನ ಹತ್ತಿರ ಇರಲಿ. ಸ್ವಲ್ಪ ಆಡಿಸುತ್ತೇನೆ," ಎಂದು ನರಿ ತುಟಿ ನೆಕ್ಕಿಕೊಂಡಿತು.

ಹೊನ್ನಿ ಹಿಂದೆ ಸರಿದಳು. ಮರಿಯನ್ನು ಮೂತಿಯಿಂದ ತಳ್ಳಿಕೊಂಡು ಕೆರೆಯ ದಡಕ್ಕೆ ಬಂದಳು. ಅಲ್ಲಿ ಸಾತವ್ವ ಎಂಬ ಮುಳ್ಳುಹಂದಿ ಗೆಡ್ಡೆ ಅಗೆಯುತ್ತಿದ್ದಳು. ಸಾತವ್ವ ಚಿಕ್ಕಂದಿನಿಂದ ಒಂಟಿ. ತನ್ನ ಬಿಲ ತಾನೇ ತೋಡಿಕೊಂಡವಳು, ಯಾರ ಮಾತನ್ನೂ ಸುಮ್ಮನೆ ಒಪ್ಪದವಳು.

"ಯಾಕೆ ಅಳುತ್ತೀಯೆ? ಅತ್ತರೆ ಮೈಯಲ್ಲಿರುವ ನೀರೂ ಹೋಗುತ್ತದೆ," ಎಂದು ಗದರಿಸಿದಳು. ಹೊನ್ನಿ ನಡೆದದ್ದನ್ನು ಹೇಳಿದಳು. ಸಾತವ್ವನ ಮುಳ್ಳೆಲ್ಲ ನಿಮಿರಿದವು.

"ಆ ನರಿಯ ದೊಣೆ ಯಾರಿಗೆ ಬೇಕು? ನಡಿ, ನೀರು ನಾನು ಕೊಡುತ್ತೇನೆ."

ದಡದಲ್ಲಿ ಆನೆ ಕಾಲಿಟ್ಟು ಆದ ಆಳದ ಗುಂಡಿ ಇತ್ತು. ಅದರ ತುಂಬ ಕೆರೆಯ ರಾಡಿ ನೀರು. ಸಾತವ್ವ ತನ್ನ ಬಿಲದಿಂದ ಚಿಲ್ಲದ ಮರದ ಬೀಜ ತಂದಳು. ಒದ್ದೆ ಕಲ್ಲಿನ ಮೇಲೆ ಒಂದು ಬೀಜವನ್ನು ಗಂಧದಂತೆ ತೇಯ್ದಳು. ಆ ಗಂಧವನ್ನು ನೀರಿಗೆ ಹಾಕಿ ಕಡ್ಡಿಯಿಂದ ಮೊದಲು ಬಿರುಸಾಗಿ, ಆಮೇಲೆ ಮೆಲ್ಲಗೆ ಕಲಕಿದಳು.

ಪೊದೆಯ ಮರೆಯಲ್ಲಿ ನರಿ ನೋಡುತ್ತಿತ್ತು. "ರಾಡಿ ಕಲಕಿದರೆ ತಿಳಿಯಾಗುತ್ತದಂತೆ!" ಎಂದು ನಕ್ಕು ಬಂಡೆಗೆ ಹೋಯಿತು.

"ಇದನ್ನು ಯಾರು ಕಲಿಸಿದರು, ಅಕ್ಕ?" ಎಂದು ಹೊನ್ನಿ ಕೇಳಿದಳು.

"ಯಾರೂ ಇಲ್ಲ. ಹಲ್ಲು ಮಸೆಯಲು ಈ ಬೀಜ ಕಡಿಯುತ್ತಿದ್ದೆ. ಪುಡಿ ಬಿದ್ದ ಹೊಂಡದ ನೀರು ಮಾತ್ರ ತಿಳಿಯಾಗಿತ್ತು. ನೋಡಿ ಕಲಿತೆ. ಈ ಮಣ್ಣಿನ ಕಣಗಳು ಒಂಟಿಯಾಗಿ ತೇಲುತ್ತವೆ. ಬೀಜದ ಗಂಧ ಅವನ್ನು ಒಂದಕ್ಕೊಂದು ಅಂಟಿಸುತ್ತದೆ. ಅಂಟಿದರೆ ಭಾರ, ಭಾರವಾದರೆ ತಳಕ್ಕೆ. ಈಗ ಮುಟ್ಟಬೇಡ."

ನೀರಿನಲ್ಲಿ ಒಡೆದ ಹಾಲಿನಂತೆ ಸಣ್ಣ ಗರಣೆಗಳು ಕಂಡವು. ಮೆಲ್ಲಗೆ ಇಳಿಯತೊಡಗಿದವು. ಮೇಲೆ ಒಂದಿಷ್ಟು ತಿಳಿಯಾಯಿತು. ಅಷ್ಟರಲ್ಲಿ ಮರಿ ಕುಸಿದು ಬಿತ್ತು. ಹೊನ್ನಿಗೆ ತಡೆಯಲಾಗಲಿಲ್ಲ. ಮೂತಿಯನ್ನು ಆಳಕ್ಕೆ ಹಾಕಿಬಿಟ್ಟಳು. ಕೆಳಗಿನ ಮಣ್ಣೆಲ್ಲ ಭುಸ್ಸೆಂದು ಮೇಲೆದ್ದಿತು.

"ಹಾಕಿದೆಯಾ ಮೂತಿ! ಇನ್ನು ಮತ್ತೆ ಕಾಯಿ," ಎಂದಳು ಸಾತವ್ವ.

ಬಂಡೆಯ ಮೇಲಿಂದ ನರಿ ಕೂಗಿತು. "ತಂಗೀ, ಇಲ್ಲಿ ನೀರು ತಣ್ಣಗಿದೆ!"

ಹೊನ್ನಿ ಬಂಡೆಯನ್ನು ನೋಡಿದಳು, ಮರಿಯನ್ನು ನೋಡಿದಳು. "ಅಕ್ಕ, ಅಷ್ಟು ಹೊತ್ತು ಇದು ಉಳಿಯುತ್ತದಾ?"

"ಉಳಿಯುತ್ತದೆ. ನಾನಿದ್ದೇನಲ್ಲ."

ಸಾತವ್ವ ಇನ್ನೊಮ್ಮೆ ಮೆಲ್ಲಗೆ ಕಲಕಿ, ಮುಳ್ಳು ಕೆದರಿಕೊಂಡು ಗುಂಡಿಗೆ ಕಾವಲು ಕೂತಳು. ನೆರಳಿಗೆಂದು ಮರಿಯನ್ನು ತನ್ನ ಮಗ್ಗುಲಿಗೆ ಕರೆದುಕೊಂಡಳು, ಅದಕ್ಕೆ ಚುಚ್ಚದಂತೆ ಆ ಕಡೆಯ ಮುಳ್ಳು ಮಡಚಿದಳು. ಬಿಸಿಲು ಸರಿಯಿತು. ಮಣ್ಣು ತಳದಲ್ಲಿ ಕೂತಿತು. ನೀರಿನಲ್ಲಿ ಆಕಾಶ ಕಂಡಿತು.

"ಈಗ ಕುಡಿ. ತುಟಿಯ ತುದಿಯಿಂದ, ಮೇಲಿನದಷ್ಟೇ."

ಹೊನ್ನಿ ಕಣ್ಣು ಮುಚ್ಚಿ ಹೀರಿದಳು. ಸಂಜೆಯ ಹೊತ್ತಿಗೆ ಕೆಚ್ಚಲಿಗೆ ಹಾಲಿಳಿಯಿತು. ಮರಿ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯಿತು. ಅದರ ಬಾಲ ಆಡುವುದನ್ನು ನೋಡಿ ಹೊನ್ನಿ ಸಾತವ್ವನ ಹಣೆಯನ್ನು ನೆಕ್ಕಿದಳು.

ಸುದ್ದಿ ಕಾಡೆಲ್ಲ ಹಬ್ಬಿತು. ಎಲ್ಲರೂ ಆ ಆನೆಹೆಜ್ಜೆಯ ಗುಂಡಿಗೆ ಬಂದರು. ಸಾತವ್ವ ಪಕ್ಕದ ಮರಳಿನಲ್ಲಿ ಇನ್ನೊಂದು ಗುಂಡಿ ತೋಡಿದಳು. ತಿಳಿನೀರು ಮರಳಿನ ಮೂಲಕ ಅದಕ್ಕೆ ಜಿನುಗಿತು. ಉಳಿದ ಚೂರುಪಾರು ಮಣ್ಣನ್ನು ಮರಳು ಹಿಡಿದುಕೊಂಡಿತು.

ದೊಣೆಯ ಹತ್ತಿರ ಯಾರೂ ಸುಳಿಯಲಿಲ್ಲ. ನರಿಗೆ ಹೊಟ್ಟೆ ಉರಿಯಿತು. "ನನ್ನ ನೀರು ಇನ್ನೂ ಹೊಳೆಯಬೇಕು. ಆಗ ಬಾಲ ಮುದುರಿಕೊಂಡು ಬರುತ್ತಾರೆ," ಎಂದುಕೊಂಡಿತು. ಸಾತವ್ವ ಇಲ್ಲದಾಗ ಬಿಲಕ್ಕೆ ನುಗ್ಗಿ ಬೀಜವನ್ನೆಲ್ಲ ಕದ್ದಿತು. ಎಲ್ಲವನ್ನೂ ಜಜ್ಜಿ ದೊಣೆಗೆ ಸುರಿಯಿತು. ಅದು ನೋಡಿದ್ದು ಕಲಕುವುದನ್ನು ಮಾತ್ರ, ಕಾಯುವುದನ್ನು ನೋಡಿರಲಿಲ್ಲ. ಕಲಕಿತು, ಕಲಕುತ್ತಲೇ ಇತ್ತು. ತಳದಲ್ಲಿ ಕೊಳೆತಿದ್ದ ಎಲೆಯೆಲ್ಲ ಮೇಲೆದ್ದಿತು. ನೀರು ಹಳಸಿದ ಗಂಜಿಯಂತಾಯಿತು. ಮತ್ತೆ ತಿಳಿಯಾಗಲೇ ಇಲ್ಲ.

ಬಾಯಾರಿ ನಾಲಿಗೆ ಹೊರಬಿದ್ದಾಗ ನರಿ ಆನೆಹೆಜ್ಜೆಗೆ ಬಂತು.

"ಸಾತಕ್ಕ, ಎರಡು ಗುಟುಕು..."

"ಅದಕ್ಕೇನು, ಕುಡಿ. ನೀನು ಕುಡಿಯುವಾಗ ನಿನ್ನ ಬಾಲ ನನ್ನ ಹತ್ತಿರ ಇರಲಿ. ಸ್ವಲ್ಪ ಆಡಿಸುತ್ತೇನೆ," ಎಂದು ಸಾತವ್ವ ಮುಳ್ಳು ಗಲಗಲ ಅಲುಗಿಸಿದಳು.

ಕಾಡುಕೋಳಿ ಕೊಕ್ಕೊಕ್ಕೋ ಎಂದು ನಕ್ಕಿತು. ನರಿ ಬಾಲವನ್ನು ಕಾಲ ಸಂದಿಗೆ ಸೇರಿಸಿಕೊಂಡು, ತಲೆ ತಗ್ಗಿಸಿ, ಎಲ್ಲರ ಎದುರಿಗೆ ನೀರು ಕುಡಿಯಿತು. ಸಾತವ್ವ ತಡೆಯಲಿಲ್ಲ.

"ಬೀಜವೆಲ್ಲ ಹೋಯಿತಲ್ಲ, ಅಕ್ಕ. ಈಗ ನಿನಗೆ ನಾನೇನು ಕೊಡಲಿ?" ಎಂದಳು ಹೊನ್ನಿ.

"ಕೊಡುವುದಾ? ನಾನೇನು ಆ ನರಿಯ ಹಾಗೆ ಕಾಣುತ್ತೇನಾ?" ಎಂದಳು ಸಾತವ್ವ. ಮುಳ್ಳು ಸರಿಮಾಡಿಕೊಂಡು, "ಒಳ್ಳೆಯ ಮಾತೇನಾದರೂ ಇದ್ದರೆ ಜೋರಾಗಿ ಹೇಳು, ಎಲ್ಲರಿಗೂ ಕೇಳಲಿ," ಎಂದಳು.

ಹೊನ್ನಿ ಜೋರಾಗಿಯೇ ಹೇಳಿದಳು. ಆಮೇಲೆ ಮರಿಯನ್ನು ಕರೆದುಕೊಂಡು ಚಿಲ್ಲದ ಮರದ ಕೆಳಗೆ ಹೋದಳು. ಉದುರಿದ್ದ ಬೀಜಗಳನ್ನು ಒಂದೊಂದಾಗಿ ಸಾತವ್ವನ ಬಿಲದ ಬಾಗಿಲಿಗೆ ತಂದಿಟ್ಟಳು. ಕೊನೆಯ ಬೀಜವನ್ನು ಮಾತ್ರ ಕೆರೆಯ ದಡಕ್ಕೆ ಒಯ್ದು, ಗೊರಸಿನಿಂದ ಮಣ್ಣು ಕೆದಕಿ, ಹೂತಳು. ಅದರ ಮೇಲೆ ಮರಿ ತನ್ನ ಪುಟ್ಟ ಕಾಲಿನಿಂದ ಮಣ್ಣು ಮುಚ್ಚಿತು.

ನೀತಿ: ಬಾಯಾರಿದವರ ಕಷ್ಟದಲ್ಲಿ ಲಾಭ ಹುಡುಕುವವನಿಗೆ ಕೊನೆಗೆ ಸಿಗುವುದು ರಾಡಿಯೇ. ನೀರು ಕೊಟ್ಟವರ ಉಪಕಾರವನ್ನು ನೆನೆಯುವವರು ಮುಂದೆ ಬರುವವರಿಗೂ ನೀರು ಉಳಿಸುತ್ತಾರೆ.