ಅಮ್ಮ ಯಾವ ಗುಡಿಗೆ ಬರುತ್ತಾಳೆ?

ಕಾಂಬೋಡಿಯಾ ದೇಶದಲ್ಲಿ, ನದಿ ದಡದ ಒಂದು ಸಣ್ಣ ವಿಹಾರದಲ್ಲಿ ಸುವಣ್ಣ ಎಂಬ ಮುದಿ ಭಿಕ್ಷು ಇದ್ದರು. ಅವರ ಶಿಷ್ಯ ಸಂಬತ್ ಇನ್ನೂ ಕಾಷಾಯ ಉಟ್ಟಿರಲಿಲ್ಲ. ಒಂದು ಕಡೆ ಕೂರುವ ಜೀವವೇ ಅಲ್ಲ ಅದು.

ನಮ್ಮ ಪಿತೃಪಕ್ಷದಂತೆ ಆ ದೇಶದಲ್ಲೂ ಹಿರಿಯರ ಪಕ್ಷವೊಂದಿದೆ. ಆಗ ಸತ್ತವರು ಗುಡಿಯಿಂದ ಗುಡಿಗೆ, ವಿಹಾರದಿಂದ ವಿಹಾರಕ್ಕೆ ಅಲೆದು ತಮ್ಮವರನ್ನು ಹುಡುಕುತ್ತಾರಂತೆ. ತಮ್ಮವರು ಎಳ್ಳು ಬೆರೆಸಿದ ಅನ್ನದ ಉಂಡೆ ಹಿಡಿದು ಕಾದಿದ್ದರೆ ಉಂಡು ಹರಸುತ್ತಾರೆ. ಯಾರೂ ಸಿಗದಿದ್ದರೆ ಹಸಿದೇ ಹಿಂದಿರುಗುತ್ತಾರೆ.

ನಾಳೆ ಪಕ್ಷ ಮುಗಿಯುತ್ತದೆ ಎನ್ನುವಾಗ, ಬೆಳಗಿನ ಜಾವ ಸಂಬತ್ ಕೇಳಿದ.

“ಗುರುಗಳೇ, ನಮ್ಮಮ್ಮ ಯಾವ ಗುಡಿಗೆ ಬರ್ತಾಳೆ?”

“ಬದುಕಿದ್ದಾಗ ಎಲ್ಲಿರ್ತಿದ್ದಳು?”

“ಒಂದು ಕಡೆ ಇದ್ದರೆ ತಾನೆ! ತಾವರೆ ಮೊಗ್ಗು ಮಾರ್ತಿದ್ದಳು. ಬೆಳಿಗ್ಗೆ ಆಂಗ್ಕೋರ್ ವಾಟ್. ಬಿಸಿಲೇರಿದ ಮೇಲೆ ಬಾಯೋನ್. ಸಂಜೆ ಬಾಖೆಂಗ್ ಗುಡ್ಡ. ಪ್ರವಾಸಿಗರು ಎಲ್ಲಿಗೆ ಹೋದರೆ ಅಲ್ಲಿಗೆ.”

“ನೀನು?”

ಸಂಬತ್ ತಲೆ ತಗ್ಗಿಸಿದ.

“ಹೇಳದೆ ಕೇಳದೆ ರಾಜಧಾನಿಗೆ ಓಡಿಹೋಗಿದ್ದೆ. ಬುಟ್ಟಿ ಹೊತ್ತುಕೊಂಡೇ ಸಿಕ್ಕಸಿಕ್ಕವರನ್ನೆಲ್ಲ ಕೇಳ್ತಿದ್ದಳಂತೆ, ನನ್ನ ಮಗನ್ನ ಕಂಡಿರಾ ಅಂತ. ನಾನು ಬರೋ ಹೊತ್ತಿಗೆ ಚಿತೆ ಆರಿತ್ತು. ಈ ಸಲವೂ ನಾನು ಸಿಗದೇ ಹೋದರೆ?”

“ಕೂತ್ಕೋ,” ಎಂದರು ಗುರುಗಳು.

ಚಾಪೆ ಹಾಸಿ ತಿರುಗಿ ನೋಡುವಷ್ಟರಲ್ಲಿ ಶಿಷ್ಯನೂ ಇಲ್ಲ, ಉಂಡೆಗಳ ಚೀಲವೂ ಇಲ್ಲ, ಅವನ ಸೈಕಲ್ಲೂ ಇಲ್ಲ.

ಆಂಗ್ಕೋರ್ ವಾಟ್‌ನ ಕೊಳದ ಸುತ್ತ ಜನವೋ ಜನ. ಗೋಪುರಗಳ ಹಿಂದೆ ಸೂರ್ಯ ಹುಟ್ಟುವುದನ್ನು ನೋಡಲು ದೇಶದೇಶದವರು ಮೊಬೈಲ್ ಎತ್ತಿ ನಿಂತಿದ್ದರು. ಸಂಬತ್ ಬುದ್ಧನ ಮುಂದೆ ಒಂದು ಉಂಡೆಯಿಟ್ಟು ಅರೆಗಳಿಗೆ ನಿಂತ. ಅಮ್ಮ ಈಗ ಬಾಯೋನಿನಲ್ಲಿದ್ದರೆ?

ಓಡಿದ.

ಬಾಯೋನಿನ ಗೋಪುರಗಳಲ್ಲಿ ಕಲ್ಲಿನ ದೊಡ್ಡ ದೊಡ್ಡ ಮುಖಗಳು ತುಟಿ ಬಿಚ್ಚದೆ ನಗುತ್ತವೆ. ಅವುಗಳ ಮೂಗಿಗೆ ಮೂಗು ತಾಗಿಸಿದಂತೆ ಫೋಟೊ ತೆಗೆಸಿಕೊಳ್ಳುವವರ ಸಾಲೇ ಇತ್ತು. ಅಲ್ಲೊಂದು ಉಂಡೆಯಿಟ್ಟ. ಅಮ್ಮ ಆಗಲೇ ಬಂದು ಹೋಗಿದ್ದರೆ?

ಮತ್ತೆ ಓಡಿದ.

ತಾ ಪ್ರೋಮ್‌ನಲ್ಲಿ ಮರದ ಬೇರುಗಳು ಗುಡಿಯನ್ನೇ ತಬ್ಬಿ ಹಿಡಿದಿವೆ. ಅಲ್ಲಿ ತರಗೆಲೆ ಗುಡಿಸುತ್ತಿದ್ದ ಹೆಂಗಸು ಅವನ ಗುರುತು ಹಿಡಿದಳು.

“ಏನಪ್ಪಾ, ನಿಮ್ಮ ಗುರುಗಳು ಈಗ ತಾನೆ ಬಂದಿದ್ದರಲ್ಲ! ನನ್ನ ಹುಡುಗನ್ನ ಕಂಡ್ಯೇನಮ್ಮ ಅಂತ ಕೇಳಿದರು. ಬಾಯೋನ್ ಕಡೆ ಹೋದರು.”

ಸಂಬತ್ ಸೈಕಲ್ ತಿರುಗಿಸಿದ. ಕೋಲಿಲ್ಲದೆ ಹತ್ತು ಹೆಜ್ಜೆ ಇಡಲಾಗದ ಮುದುಕರು. ಬಿಸಿಲು ಬೇರೆ.

ಬಾಯೋನಿಗೆ ವಾಪಸು ಬಂದ. ಎಳನೀರಿನವನು ತಲೆಯಾಡಿಸಿದ.

“ಅಯ್ಯೋ, ಈಗಷ್ಟೇ ಹೋದರು. ಯಾರದೋ ಆಟೋದಲ್ಲಿ, ಆಂಗ್ಕೋರ್ ವಾಟ್‌ಗೆ. ಒಂದು ಗುಟುಕು ನೀರೂ ಕುಡೀಲಿಲ್ಲ.”

ಆಂಗ್ಕೋರ್ ವಾಟ್‌ನ ಕಾವಲುಗಾರ ಬಾಖೆಂಗ್ ಗುಡ್ಡದ ಕಡೆ ಕೈ ತೋರಿಸಿದ.

ಗುಡ್ಡದ ಮೇಲೆ ಸೂರ್ಯಾಸ್ತ ನೋಡುವವರು ಕಿಕ್ಕಿರಿದಿದ್ದರು. ಸಂಬತ್ ಸೂರ್ಯನಿಗೆ ಬೆನ್ನು ಮಾಡಿ ಒಬ್ಬೊಬ್ಬರ ಮುಖ ನೋಡುತ್ತ ಹೋದ. ಕಾಷಾಯ ಕಂಡಲ್ಲೆಲ್ಲ ನುಗ್ಗಿದ.

“ಗುರುಗಳೇ!” ಎಂದು ಕೂಗಿದ.

ಪ್ರವಾಸಿಯೊಬ್ಬ ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿದ. ಇವನು ಸೂರ್ಯನಿಗೆ ಅಡ್ಡ ಬಂದಿದ್ದನಂತೆ.

ಇಳಿಯುವಾಗ ಸಂಬತ್‌ಗೆ ಅಳು ಬಂತು. ಹೋದ ಅಮ್ಮ ಸಿಗಲಿಲ್ಲ, ಇದ್ದ ಗುರುವನ್ನೂ ಕಳೆದುಕೊಂಡೆ ಎನಿಸಿತು. ಗುಡ್ಡದ ಬುಡದಲ್ಲಿ ಸೈಕಲ್ ಹತ್ತಲು ಹೋದರೆ ಕಾಲೇ ಏಳಲಿಲ್ಲ. ಅಲ್ಲಿದ್ದ ಕಲ್ಲಿನ ಸಿಂಹದ ಪಕ್ಕ ಕುಸಿದು ಕೂತ. ಬುದ್ಧಿ ಬಂದು ಕೂತದ್ದಲ್ಲ, ಸುಸ್ತಾಗಿ ಕೂತದ್ದು.

ಬಹಳ ಹೊತ್ತಾಗಲಿಲ್ಲ. ಒಂದು ಆಟೋ ಬಂದು ನಿಂತಿತು. ಕೋಲೂರಿಕೊಂಡು ಸುವಣ್ಣರು ಇಳಿದರು. ಮುಖವೆಲ್ಲ ಧೂಳು.

“ಎಲ್ಲಿ ಹೋಗಿದ್ರಿ ಗುರುಗಳೇ? ಎಲ್ಲ ಕಡೆ ಹುಡುಕಿದೆ!”

“ನಿನ್ನನ್ನೇ ಹುಡುಕ್ತಿದ್ದೆ. ಹೋದಲ್ಲೆಲ್ಲ ‘ಈಗ ತಾನೆ ಹೋದ’ ಅಂತಾರೆ.”

“ನೀವು ವಿಹಾರದಲ್ಲೇ ಇದ್ದಿದ್ರೆ ನಾನೇ ಬರ್ತಿದ್ನಲ್ಲ!”

“ಹೌದು,” ಎಂದರು ಗುರುಗಳು. “ಇಬ್ಬರಲ್ಲಿ ಒಬ್ಬರಾದರೂ ಕೂತಿರಬೇಕಿತ್ತು.”

ಸಂಬತ್‌ನ ಚೀಲದಲ್ಲಿ ಒಂದೇ ಒಂದು ಉಂಡೆ ಉಳಿದಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದ.

“ನಾಳೆ ಬೆಳಿಗ್ಗೆ ಬಿಟ್ಟರೆ ಇನ್ನಿಲ್ಲ, ಗುರುಗಳೇ. ಎಲ್ಲಿ ಕೂರಲಿ? ನಾನು ಅಲ್ಲಿದ್ದೀನಿ ಅಂತ ಅವಳಿಗೆ ಗೊತ್ತಾಗೋದು ಹೇಗೆ?”

ಗುರುಗಳು ಅವನ ಪಕ್ಕದಲ್ಲೇ ಕೂತರು. ಚಪ್ಪಲಿ ಕಳಚಿ, ಊದಿಕೊಂಡ ಪಾದಗಳನ್ನು ಮೆಲ್ಲಗೆ ಒತ್ತಿಕೊಂಡರು.

“ಎಲ್ಲಾದ್ರೂ ಒಂದು ಕಡೆ ಕೂತ್ಕೋ ಮಗು. ಅವಳಿಗೂ ಕಾಲು ನೋಯ್ತಿರುತ್ತೆ.”