ಮಕ್ಕಳಿಗೆ ಉಳಿದ ಕೆಲಸ

ಭೀಮಾ ತೀರದ ಸಿರಿಹಂಗರಗಾ ಗ್ರಾಮದ ಮಠವೆಂದರೆ ಆಗ ಎರಡು ಅಂಕಣದ ಮಣ್ಣಿನ ಮನೆ, ಹಿಂದೊಂದು ಹಾಸುಗಲ್ಲಿನ ದೊಡ್ಡ ಕೋಣೆ, ಅಷ್ಟೇ. ಪೂಜ್ಯ ಶ್ರೀ ಗುರುಶಾಂತ ಶಿವಯೋಗಿಗಳು ಆ ದೊಡ್ಡ ಕೋಣೆಯನ್ನು ಊರ ಶಾಲೆಗೆ ಬಿಟ್ಟುಕೊಟ್ಟಿದ್ದರು. ಒಂದು ಸಂಜೆ ಪೂಜ್ಯರು ಹೊಸ್ತಿಲಲ್ಲಿ ಕುಳಿತು, ದಾಸೋಹದ ಜೋಳದ ಚೀಲಕ್ಕೆ ದಬ್ಬಣದಿಂದ ತೇಪೆ ಹಾಕುತ್ತಿದ್ದಾಗ, ಶಾಲೆಯ ಏಕೈಕ ಶಿಕ್ಷಕರಾದ ಸೋಮರಾಯ ಮಾಸ್ತರರು ಬಂದು ಕೋಣೆಯ ಕೀಲಿಕೈಯನ್ನು ಅವರ ಮುಂದಿಟ್ಟರು.

"ನನ್ನ ಕೈಲಿ ಆಗಂಗಿಲ್ರಿ ಅಪ್ಪಾರ. ನಾಲ್ಕು ಕ್ಲಾಸು, ಅರವತ್ತೆರಡು ಮಕ್ಕಳು, ನಾನೊಬ್ಬ. ಹಗಲೆಲ್ಲಾ ಒದರಿ ಒದರಿ ಗಂಟ್ಲ ಹೋಗ್ಯಾದ. ಕಲ್ತವ್ರು ಮಾತ್ರ ಯಾರೂ ಇಲ್ಲ."

ಮಾತು ಸುಳ್ಳಲ್ಲ. ಎರಡು ವರ್ಷದಿಂದ ನಾಲ್ಕನೆಯ ತರಗತಿಯಲ್ಲಿ ಒಬ್ಬರೂ ಪಾಸಾಗಿರಲಿಲ್ಲ. ಈ ಸಲವೂ ಹಾಗೇ ಆದರೆ ಶಾಲೆ ಮುಚ್ಚುವುದೆಂದು ಮೇಲಿನಿಂದ ಹುಕುಂ ಬಂದಿತ್ತು. ಆಮೇಲೆ ಮಕ್ಕಳು ಆರು ಮೈಲು ನಡೆಯಬೇಕು. ಹೆಣ್ಣುಮಕ್ಕಳನ್ನಂತೂ ಯಾರೂ ಅಷ್ಟು ದೂರ ಕಳಿಸುವವರಲ್ಲ.

ಮಾಸ್ತರರಿಗೆ ಪೂಜ್ಯರಲ್ಲಿ ಹೇಳಿಕೊಳ್ಳುವಂಥ ಶ್ರದ್ಧೆ ಇರಲಿಲ್ಲ. ತಾವು ತರಬೇತಿ ಮುಗಿಸಿ ಬಂದವರು. ಇವರೋ ದನ ಕಾಯುತ್ತ ತಾವೇ ಅಕ್ಷರ ಕೂಡಿಸಿಕೊಂಡವರು. ಕೊಟ್ಟರೆ ಒಂದು ಚಿಟಿಕೆ ವಿಭೂತಿ ಕೊಟ್ಟಾರು ಎಂದುಕೊಂಡು ನಿಂತರು. ಪೂಜ್ಯರು ದಾರ ಕಡಿದು ತಲೆಯೆತ್ತಿ, "ನಾಳಿ ಒಂದಿನ ಕಲಸ್ರಿ. ನಾನೂ ಬಂದು ಕೂಡ್ತೀನಿ. ಕೀಲಿ ಆಮ್ಯಾಗ ಕೊಡ್ರಿ" ಎಂದರು.

ಮರುದಿನ ಪೂಜ್ಯರು ಶಾಲೆಗೆ ದಯಮಾಡಿಸಿ, ಮಕ್ಕಳ ನಡುವೆ ಕಡೆಯ ಸಾಲಿನಲ್ಲಿ ನೆಲದ ಮೇಲೆಯೇ ಕುಳಿತರು. ತಾವೆಷ್ಟು ದುಡಿಯುತ್ತೇವೆಂದು ತೋರಿಸುವ ಹಟ ಮಾಸ್ತರರಿಗೆ. ಕರಿಹಲಗೆಯನ್ನು ನಾಲ್ಕು ಭಾಗ ಮಾಡಿ ನಾಲ್ಕೂ ತರಗತಿಯ ಪಾಠ ಬರೆದರು. ಮಕ್ಕಳು ನಕಲು ಮಾಡಿಕೊಂಡರು. ಅರವತ್ತೆರಡು ಪಾಟಿಗಳನ್ನೂ ತಾವೇ ತಿದ್ದಿದರು. ನಾಲ್ಕನೆಯ ತರಗತಿಯ ಭಾಗಮ್ಮ ಎಂಬ ಹುಡುಗಿ ಹಿಂದೆ ತಿರುಗಿ, ಅಕ್ಷರಕ್ಕೆ ಗುಡಿಸು ಎಲ್ಲಿ ಬರೆಯಬೇಕೆಂದು ಒಂದು ಪುಟ್ಟ ಮಗುವಿಗೆ ತೋರಿಸತೊಡಗಿದಾಗ "ಸುಮ್ಮನ ಕೂಡು" ಎಂದು ಗದರಿದರು. ಶಾಲೆ ಬಿಡುವ ಹೊತ್ತಿಗೆ ಅವರ ಧ್ವನಿ ಹೊರಡದಾಗಿತ್ತು.

ಮಕ್ಕಳೆಲ್ಲ ಹೋದ ಮೇಲೆ ಪೂಜ್ಯರು ಹತ್ತಿರ ಕರೆದು ಕೇಳಿದರು: "ಮಾಸ್ತರ್ರ, ಮುಂಜಾನಿಂದ ನೀವೊಬ್ರೇ ದುಡಿದ್ರಿ. ಮಕ್ಕಳಿಗಿ ಏನ್ ಕೆಲಸ ಉಳಿಸಿದ್ರಿ?"

ಮಾಸ್ತರರಿಗೆ ಸಿಟ್ಟು ಬಂತು. "ಸಣ್ಣ ಕೂಸುಗಳು, ಅವೇನ್ ಮಾಡ್ತಾವ್ರಿ?"

"ಭಾಗಮ್ಮ ಮಾಡ್ಲಿಕತ್ತಿದ್ಳು. ನೀವು ಬಾಯಿ ಮುಚ್ಚಿಸಿದ್ರಿ." ಹೊರಡುವಾಗ ಮತ್ತೆ ನಿಂತು ಮೆಲ್ಲಗೆ ಅಂದರು, "ಶರಣಪ್ಪನ ಪಾಟಿ ದಿನಾ ನೋಡ್ತೀರಿ. ಒಂದ್ ಸಲ ಶರಣಪ್ಪನ್ನ ನೋಡ್ರಿ."

ಕೀಲಿಕೈಯನ್ನು ಮರಳಿಸಲು ಅಂದು ಮಾಸ್ತರರಿಗೆ ಮನಸ್ಸಾಗಲಿಲ್ಲ.

ಶರಣಪ್ಪ ಎರಡು ಸಲ ನಪಾಸಾಗಿ ನಾಲ್ಕರಲ್ಲೇ ಉಳಿದವನು. ಮಾರನೆಯ ದಿನ ಮಾಸ್ತರರು ಅವನ ಪಕ್ಕದಲ್ಲಿ ಕುಳಿತು, ಹಲಗೆಯ ಮೇಲಿನ ಒಂದು ಸಾಲು ಓದೆಂದರು. ಅವನು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, "ಕಾಣವಲ್ದ್ರಿ ಗುರುಗಳೇ" ಎಂದ. ಇಷ್ಟು ದಿನವೂ ಅವನು ಪಕ್ಕದವನ ಪಾಟಿ ನೋಡಿ ಬರೆಯುತ್ತಿದ್ದ. ಪಕ್ಕದವನ ತಪ್ಪೆಲ್ಲ ಇವನದೂ ಆಗುತ್ತಿತ್ತು. ಇದೇ ಹುಡುಗನನ್ನು ದಡ್ಡನೆಂದು ಎಷ್ಟು ಸಲ ಬಿಸಿಲಲ್ಲಿ ನಿಲ್ಲಿಸಿದ್ದೆ ಎಂಬುದು ನೆನಪಾಗಿ ಮಾಸ್ತರರು ಅಂಗವಸ್ತ್ರದಿಂದ ಮುಖ ಮುಚ್ಚಿಕೊಂಡರು. ಆಮೇಲೆ ಅವನ ಕೈಹಿಡಿದು ಹಲಗೆಯ ಬುಡದಲ್ಲಿ ಕೂರಿಸಿದರು.

ಅಂದಿನಿಂದ ಶಾಲೆಯ ರೀತಿಯೇ ಬದಲಾಯಿತು. ನಕಲು ಬರೆಯುವುದು ನಿಂತಿತು. ದೊಡ್ಡವರಿಗೆ ಚಿಕ್ಕವರನ್ನು ಒಪ್ಪಿಸಿದರು. ಪಾಟಿಗಳನ್ನು ಮಕ್ಕಳೇ ಅದಲುಬದಲು ಮಾಡಿ ತಿದ್ದಿದರು. ಉಳಿದ ಸಮಯದಲ್ಲಿ ಮಾಸ್ತರರು ದಿನಕ್ಕೆ ಐವರನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ತಿಳಿಯಲಿಲ್ಲ, ಯಾಕೆ ತಿಳಿಯಲಿಲ್ಲ ಎಂದು ಕೇಳತೊಡಗಿದರು. ಮೊದಲ ವಾರ ಗದ್ದಲವೋ ಗದ್ದಲ. ಊರ ಗೌಡರು ಬಂದು "ಸಾಲಿ ಹೋಗಿ ಸಂತಿ ಆಗ್ಯಾದ್ರಿ ಅಪ್ಪಾರ" ಎಂದು ದೂರಿದರು. ಪೂಜ್ಯರು ನಕ್ಕು, "ಹೌದು, ಎಲ್ಲಾರೂ ಎಚ್ಚರ ಅದಾರ" ಎಂದು ಅಪ್ಪಣೆ ಕೊಡಿಸಿದರು.

ಬೇಸಿಗೆಗೆ ಮುಂಚೆ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಊರೇ ಬಾಗಿಲಲ್ಲಿ ನೆರೆದಿತ್ತು. ಸಾಹೇಬರು ತಮ್ಮ ಚೀಲದಿಂದ ಮಕ್ಕಳು ಕಂಡಿರದ ಪುಸ್ತಕವೊಂದನ್ನು ತೆಗೆದು ಓದಿಸಿದರು. ನಾಲ್ಕನೆಯ ತರಗತಿಯ ಒಂಬತ್ತು ಮಂದಿಯೂ ಓದಿದರು. ಕಡೆಯವನಾದ ಶರಣಪ್ಪ ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಎಲ್ಲಿಯೂ ತಡವರಿಸದೆ ಇಡೀ ಪುಟ ಮುಗಿಸಿದ. ಬಾಗಿಲಲ್ಲಿದ್ದ ಅವನ ತಾಯಿ ಅಲ್ಲಿಂದಲೇ ದೃಷ್ಟಿ ತೆಗೆದು ನೆಟಿಗೆ ಮುರಿದಳು.

ಸಾಹೇಬರು ಚಿಕ್ಕವರ ಕಡೆ ತಿರುಗಿದರು. ಅವರೂ ಓದಿದರು. "ನಿನಗೆ ಯಾರು ಕಲಿಸಿದರು?" ಎಂದು ಕೇಳಿದರೆ ಒಬ್ಬಳು "ಭಾಗಮ್ಮಕ್ಕ" ಎಂದಳು, ಇನ್ನೊಬ್ಬ "ಶರಣಪ್ಪಣ್ಣ" ಎಂದ. ಸಾಹೇಬರು ಹುಬ್ಬೇರಿಸಿ, "ಎಲ್ಲಾ ಇವರೇ ಕಲಿಸಿದರೆ ನೀವೇನು ಮಾಡ್ತೀರಿ ಮಾಸ್ತರೇ?" ಎಂದರು.

"ದಿನಾ ಐದು ಮಕ್ಕಳ ಮಾತು ಕೇಳ್ತೀನ್ರಿ."

ಸಾಹೇಬರು ಓದಿಸಿದ ಪುಸ್ತಕವನ್ನು ಚೀಲಕ್ಕೆ ಸೇರಿಸಿದರು. ಆಮೇಲೆ ಭೇಟಿ ಪುಸ್ತಕದಲ್ಲಿ, ಶಾಲೆ ಮುಂದುವರಿಯತಕ್ಕದ್ದು, ಐದನೆಯ ತರಗತಿಯನ್ನೂ ತೆರೆಯತಕ್ಕದ್ದು ಎಂದು ಬರೆದು ಗಟ್ಟಿಯಾಗಿ ಓದಿ ಹೇಳಿದರು. ಹೊರಗಿನ ಜನರ ಜಯಕಾರ ಹೊಳೆಯ ಆಚೆ ದಂಡೆಗೂ ಕೇಳಿಸಿತಂತೆ.

ಮಾಸ್ತರರು ನೇರ ಮಠಕ್ಕೆ ನಡೆದು ಪೂಜ್ಯರ ಪಾದಕ್ಕೆ ಉದ್ದಕ್ಕೆ ಬಿದ್ದರು. "ನಿಮ್ಮ ಕೃಪಾ ಅಪ್ಪಾರ" ಎಂದರು.

"ನಂದೇನದ? ಭಾಗಮ್ಮಗ ಮುಂದೇನ್ ಕಲಸ್ತೀರಿ, ಅದನ್ನ ಹೇಳ್ರಿ."

ಮಾಸ್ತರರು ಎದ್ದು ಕುಳಿತು ಹೇಳಿದರು. ಭಾಗಮ್ಮನಿಗೆ ಲೆಕ್ಕದಲ್ಲಿ ಯಾವುದು ಕಠಿಣ, ಶರಣಪ್ಪನಿಗೆ ಕನ್ನಡಕ ಕೊಡಿಸಲು ಕಲಬುರ್ಗಿಗೆ ಯಾವಾಗ ಕರೆದೊಯ್ಯಬೇಕು, ಕುಂಬಾರರ ಗಂಗವ್ವ ಬಾಯಲ್ಲಿ ಹೇಳುವುದನ್ನು ಬರೆಯಲು ಯಾಕೆ ಅಂಜುತ್ತಾಳೆ. ಹೇಳುತ್ತ ಹೇಳುತ್ತ ಅರವತ್ತೆರಡು ಮಕ್ಕಳೂ ಅವರ ಮಾತಿನಲ್ಲಿ ಬಂದರು. ಒಂದು ಹೆಸರಿಗೂ ಹಾಜರಿ ಪುಸ್ತಕ ಬೇಕಾಗಲಿಲ್ಲ. ಪೂಜ್ಯರು ಕಣ್ಮುಚ್ಚಿ ಆಲಿಸಿದರು. ಹಿಂದೆಯೇ ಬಂದು ಅಂಗಳ ತುಂಬಿ ನಿಂತಿದ್ದ ತಂದೆತಾಯಂದಿರು, ತಮ್ಮ ಮಗುವಿನ ಹೆಸರು ಬಂದಾಗಲೆಲ್ಲ ಕೈಮುಗಿಯುತ್ತಿದ್ದರು, ಮಾಸ್ತರರ ಕಡೆಗೆ.