ಹುಳದ ಡಬ್ಬಿಯ ಜೊತೆ ಒಂದು ಕೋಸು

ಕಥೆ ಹೇಳಿ ನನಗೆ ಅಭ್ಯಾಸವಿಲ್ಲ, ಎಡವಿದರೆ ಕ್ಷಮಿಸಿ.

ಗಂಗುಲಮ್ಮ ವೆಂಕಟರೋಣಪ್ಪನವರ ಹೊಲದಲ್ಲಿ ಪಾಲಿಗೆ ಎಲೆಕೋಸು ಬೆಳೆದಿದ್ದಳು. ಹುಳ ಬಿತ್ತು. ಹುಳ ಎಂದರೆ ಎಲೆ ತೂತು ಮಾಡುವ ಹಸಿರು ಹುಳ. ಹಿಂದಿನ ಬೆಳೆಗೆ ವಿಷ ಹೊಡೆದು ಅವಳ ಗಂಡ ಒಂದು ವಾರ ಆಸ್ಪತ್ರೆಯಲ್ಲಿ ಮಲಗಿದ್ದ. ಅದಕ್ಕೇ ಈ ಸಲ ಅವಳು ಬ್ಯಾಕ್ಟೀರಿಯಾದ ಪ್ರೋಟೀನ್ ಇರುವ ಪುಡಿಯನ್ನು ನೀರಿಗೆ ಕಲಸಿ ಹೊಡೆದಳು. ಅದನ್ನು ತಿಂದ ಹುಳ ಕೂಡಲೇ ಸಾಯುವುದಿಲ್ಲ, ಮೊದಲು ತಿನ್ನುವುದನ್ನು ಬಿಡುತ್ತದೆ.

ಮರುದಿನ ಹೊಲದ ಯಜಮಾನರು ಬಂದು ಎಲೆ ಮಗುಚಿ ನೋಡಿದರು. "ಹುಳ ಇನ್ನೂ ಮಿಸುಕ್ತಾ ಇದೆಯಲ್ಲಮ್ಮಾ! ನಾಳಿದ್ದು ನಿನ್ನ ಗಂಡನ ಕೈಲೇ ವಿಷ ಹೊಡೆಸ್ತೀನಿ."

ಗಂಗುಲಮ್ಮ ಹತ್ತು ಹುಳ ಆರಿಸಿ, ತೂತಿಲ್ಲದ ಒಂದು ಎಲೆಯ ಜೊತೆ ಡಬ್ಬಿಗೆ ಹಾಕಿದಳು.

"ನೀವೇ ಕಾಯಿರಿ ಅಯ್ಯಾ. ಎಲೆಗೆ ಒಂದು ತೂತು ಬಿದ್ದರೂ ನಿಮ್ಮ ಮಾತೇ ಆಗಲಿ."

ಡಬ್ಬಿಯ ಜೊತೆ ಅದೇ ಸಾಲಿನ ಒಂದು ಕೋಸನ್ನೂ ಕೊಟ್ಟಳು. "ಇದು ಅಮ್ಮಾವ್ರಿಗೆ."

ಮೂರನೇ ದಿನ ಯಜಮಾನರು ಡಬ್ಬಿ ಹಿಡಿದು ಬಂದರು. ಎಲೆ ಹಾಗೇ ಇತ್ತು, ಹುಳಗಳು ಕಪ್ಪಗಾಗಿ ಸತ್ತಿದ್ದವು. ಆದರೆ ಸೋಲೊಪ್ಪುವುದು ಹೇಗೆ? "ಇಷ್ಟು ಭಯಂಕರ ಪುಡಿ ಹೊಡೆದ ಕೋಸನ್ನ ಯಾರು ತಿಂತಾರೆ?" ಎಂದು ಗುಡುಗಿದರು.

"ಪಲ್ಯ ಹೇಗಿತ್ತು ಅಯ್ಯಾ?"

"ಚೆನ್ನಾಗಿತ್ತು, ಎರಡು ಸಲ ಬಡಿಸ್ಕೊಂಡೆ..." ಅಷ್ಟರಲ್ಲಿ ಅವರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ನಮ್ಮನೇಲೂ ಅದೇ ಪಲ್ಯ. ನಿಮ್ಮ ವಿಷ ಹೊಡೆದಿದ್ದರೆ ಮಾರನೇ ದಿನ ಕೊಯ್ದು ಕೊಡೋ ಧೈರ್ಯ ನನಗಿರ್ತಿತ್ತಾ?"

ಯಜಮಾನರು ಹೊಟ್ಟೆ ಸವರಿಕೊಂಡರು. ಆಮೇಲೆ ಮೆಲ್ಲಗೆ, "ಇನ್ನೆರಡು ಕೊಡು" ಎಂದರು.

ಇಲ್ಲೊಂದು ವಿವರಣೆ ಬೇಕು. ಆ ಪ್ರೋಟೀನ್ ಹುಳದ ಹೊಟ್ಟೆಯಲ್ಲಿ ಮಾತ್ರ ವಿಷವಾಗುತ್ತದೆ, ಏಕೆಂದರೆ ನಮ್ಮ ಹೊಟ್ಟೆಯ ರಸ ಹುಳಿ, ಹುಳದ್ದು ಸುಣ್ಣದ ನೀರಿನ ಹಾಗೆ ಕ್ಷಾರ, ಆ ಕ್ಷಾರದಲ್ಲೇ ಅದು... ಬಂದೆ, ಬಂದೆ! ಊಟಕ್ಕೆ ಕೂಗುತ್ತಿದ್ದಾರೆ. ಕೋಸಿನ ಪಲ್ಯವಂತೆ.